ಹವಳಕ್ಕೆ ಇಳಿಸಿದ ಗಂಟು

“ಗಾಜಿನ ತೊಟ್ಟೀಲಿ ಏನೇನು ಬೆಳೆದಿದೆ ಅಂತ ನೋಡಿ ಹೇಳು, ಸಾಕು. ಆ ಮಿದುಳು ಹವಳದ ಮೇಲಿರೋದನ್ನ ಮಾತ್ರ ಮುಟ್ಟಬೇಡ ಕಣೇ,” ಎಂದಳು ಅಕ್ಕ, ತಂಗಿ ಚಪ್ಪಲಿ ಬಿಡುವ ಮೊದಲೇ.

ತಂಗಿಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಸೊಂಟ ಮುರಿಸಿಕೊಂಡು ಬಂದವಳಿಗೆ ಹೊಸ್ತಿಲಲ್ಲೇ ಈ ಉಪದೇಶ! ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳುವವಳು. ಅವಳ ನಾಲಿಗೆಗೆ ಹುಡುಗರಿರಲಿ, ಪ್ರಿನ್ಸಿಪಾಲರೂ ಹೆದರುತ್ತಿದ್ದರು. ಆ ನಾಲಿಗೆಯೇ ಅವಳ ಅನ್ನ, ಅದೇ ಅವಳ ಆಸ್ತಿ. ಮನೆಯಲ್ಲಿ ಚಿಕ್ಕಂದಿನಿಂದ ಅವಳು ‘ಪಂಡಿತೆ’, ಅಕ್ಕ ‘ಪೆದ್ದಿ’. ಎರಡು ಹೆಸರನ್ನೂ ಇಟ್ಟವಳು ಅವಳೇ.

“ಯಾಕೆ, ಕಚ್ಚುತ್ತಾ?”

“ನಮ್ಮತ್ತೆ ಮಾಡಿಸಿದ್ದು ಅದು.”

ಸೆಖೆಯಲ್ಲೂ ಅಕ್ಕ ಕುತ್ತಿಗೆಗೆ ಶಾಲು ಸುತ್ತಿದ್ದಳು. ದನಿ ಗೋಣಿಚೀಲವನ್ನು ನೆಲದ ಮೇಲೆ ಎಳೆದ ಹಾಗಿತ್ತು. ಆ ದನಿಯಲ್ಲೇ ಕತೆ ಬಂತು. ಸೊಸೆ ಎದುರು ಮಾತಾಡುವುದು ಅತ್ತೆಗೆ ಸೇರುತ್ತಿರಲಿಲ್ಲವಂತೆ. ಸಾಯುವ ಮುಂಚೆ ಯಾರಿಂದಲೋ ಮಾಟ ಮಾಡಿಸಿದಳಂತೆ. ಅಕ್ಕನ ಗಂಟಲಲ್ಲಿ ಗಂಟೊಂದು ಎದ್ದಿತಂತೆ, ಯಾವ ಡಾಕ್ಟರ ಕಣ್ಣಿಗೂ ಬೀಳದ ಗಂಟು. ಕೊನೆಗೆ ಮಾಟ ತೆಗೆಯುವವನೊಬ್ಬ ಬಂದು ಅದನ್ನು ಈ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಸಾಕಿದ್ದ ಹವಳಕ್ಕೆ ಇಳಿಸಿದನಂತೆ. ಗಂಟು ಬದುಕಲು ಜೀವ ಬೇಕು, ಹೊರಬೀಳದಿರಲು ಕಲ್ಲು ಬೇಕು. ಎರಡೂ ಆಗಿರುವುದು ಹವಳ ಮಾತ್ರ.

“ಈಗ ಮತ್ತೆ ವಾಪಸ್ಸು ಬರ್ತಿದೆ ಅನ್ನಿಸುತ್ತೆ. ನುಂಗೋಕೆ ಆಗಲ್ಲ. ಬೆಳಗಿನ ಜಾವ ಉಸಿರು ಕಟ್ಟುತ್ತೆ,” ಎಂದು ಅಕ್ಕ ಶಾಲು ಸಡಿಲಿಸಿಕೊಂಡಳು. “ಸತ್ತೇ ಹೋಗ್ತೀನೇನೋ.”

“ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಶೀತ ಆದರೂ ಮಾಟ, ಸೀನಿದರೂ ಮಾಟ! ನಿನ್ನನ್ನ ಓದಿಸಿದ ಆ ಮೇಷ್ಟ್ರು ಯಾರು, ಒಂದು ಸಲ ಕಾಲಿಗೆ ಬೀಳ್ಬೇಕು.”

ಅಕ್ಕ ನಕ್ಕಳು. ಅವಳು ಯಾವಾಗಲೂ ಹೀಗೆ ನಗುತ್ತಿದ್ದಳು, ಏಟು ತಿಂದ ಮೇಲೂ ಬಾಲ ಆಡಿಸುವ ನಾಯಿಯಂತೆ. ತಂಗಿಗೆ ಎಲ್ಲಕ್ಕಿಂತ ಹೇಸಿಗೆಯೆನಿಸುತ್ತಿದ್ದುದು ಆ ನಗುವೇ.

ತೊಟ್ಟಿ ನಡುಮನೆಯಲ್ಲಿತ್ತು. ಪರದೆಗಳನ್ನು ಎಳೆದಿದ್ದರಿಂದ ಹಗಲಲ್ಲೂ ಅಲ್ಲಿ ಕತ್ತಲೆ. ತೊಟ್ಟಿಯ ನೀಲಿ ಬೆಳಕಷ್ಟೇ ಗೋಡೆಯ ಮೇಲೆ ಹೊರಳುತ್ತಿತ್ತು. ಉಪ್ಪಿನ ವಾಸನೆ, ಅದರಡಿಯಲ್ಲಿ ಹೂದಾನಿಯಲ್ಲಿ ಕೊಳೆತ ನೀರಿನಂಥ ಇನ್ನೊಂದು ವಾಸನೆ. ಪಂಪು ಗೊರಗೊರ ಎನ್ನುತ್ತಿತ್ತು, ಪಕ್ಕದಲ್ಲಿ ಯಾರೋ ಕಫ ಕಟ್ಟಿಕೊಂಡು ಮಲಗಿದ ಹಾಗೆ.

ತಂಗಿ ಚೀಲದಿಂದ ಭೂತಗನ್ನಡಿ ತೆಗೆದಳು. “ನೋಡಿಕೋ, ಈ ಮನೇಲಿರೋ ಒಂದೇ ಒಂದು ಭೂತ ಇದು.”

ಗಾಜಿಗೆ ಮೂಗು ತಾಗಿಸಿ ಒಂದೊಂದನ್ನೇ ಗುರುತಿಸತೊಡಗಿದಳು. ಕೊಂಬೆ ಹವಳದ ಬುಡದಲ್ಲಿ ಕಂದು ಬಣ್ಣದ, ಗಾಜಿನಂಥ ಪುಟ್ಟ ಹೂಗಳು. “ಹೂ ಅಂದುಕೊಂಡು ಸಾಕಿದ್ದೀಯಾ? ಇದು ಕುಟುಕೋ ಪ್ರಾಣಿ. ಚೂರು ಮಾಡಿದರೆ ಚೂರಿಗೊಂದು ಹುಟ್ಟುತ್ತೆ.” ಪಕ್ಕದಲ್ಲಿ ಸುಣ್ಣದ ಸಣ್ಣ ಕೊಳವೆಗಳು, ಬಾಯಲ್ಲಿ ಲೋಳೆಯ ಎಳೆಗಳು. “ಇದು ಬಸವನಹುಳುವಿನ ಜಾತಿ. ನಿನ್ನ ಹಾಗೇ, ಕೂತಲ್ಲೇ ಕೂತು ಬಂದಿದ್ದನ್ನ ತಿನ್ನುತ್ತೆ.” ಬಂಡೆಯ ಸಂದಿಯಲ್ಲಿ ಬಿಳಿ ಕುಚ್ಚುಗಳು. “ಸ್ಪಂಜು. ಯಾರಿಗೂ ತೊಂದರೆ ಇಲ್ಲ, ಉಪಯೋಗವೂ ಇಲ್ಲ.”

ಆಮೇಲೆ ಮಿದುಳು ಹವಳ. ಸುರುಳಿ ಸುರುಳಿಯಾದ ಹಸಿರು ಗುಂಡಿನ ನೆತ್ತಿಯ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಒಂದು ಉಬ್ಬು. ಒಸಡಿನ ಬಣ್ಣ. ನಡುವೆ ಒಂದು ಸೀಳು. ಅವಳು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಂತೆ ಆ ಸೀಳು ಮೆಲ್ಲಗೆ ತೆರೆಯಿತು. ಮೆಲ್ಲಗೆ ಮುಚ್ಚಿತು.

ಇಂಥದ್ದನ್ನು ಅವಳು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಅದನ್ನು ಅಕ್ಕನ ಎದುರು ಒಪ್ಪಿಕೊಳ್ಳುವುದುಂಟೇ?

“ಗಡ್ಡೆ. ಹವಳಕ್ಕೂ ಗಡ್ಡೆ ಬರುತ್ತೆ.”

“ಮುಟ್ಟಬೇಡ,” ಎಂದಳು ಅಕ್ಕ ಹಿಂದಿನಿಂದ.

“ಹೋಗೇ ಪೆದ್ದಿ,” ಎಂದು ತಂಗಿ ಮತ್ತೆ ನಕ್ಕಳು.

ಆ ಹವಳದ ಬುಡದಲ್ಲಿ ಮರಳು ಹಸಿರುಗಟ್ಟಿತ್ತು. ಭೂತಗನ್ನಡಿಯನ್ನು ತೊಟ್ಟಿಯ ಅಂಚಿಗಿಟ್ಟು, ತೋಳು ಮೇಲಕ್ಕೆ ಮಡಿಸಿ, ನೀರಿಗೆ ಕೈಯಿಳಿಸಿ ಚಿಮುಟದಿಂದ ಕೆದಕಿದಳು. ಏನೋ ಮಿಣುಕಿತು. ತಾಮ್ರದ ತಗಡು! ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸವೆದು, ಅಂಚೆಲ್ಲ ತಿಂದುಹೋಗಿತ್ತು. ಮೇಲೆ ಗೀಚಿದ ಅಕ್ಷರಗಳು ಅರ್ಧಂಬರ್ಧ.

ತಂಗಿಗೆ ರೇಗಿಹೋಯಿತು. “ಯಾವ ದರಿದ್ರದವನೇ ಇದನ್ನ ಹಾಕಿದ್ದು? ತಾಮ್ರ ಹವಳಕ್ಕೆ ವಿಷ ಅಂತ ತೊಟ್ಟಿ ಇಟ್ಟವರಿಗೆಲ್ಲ ಗೊತ್ತು. ಗಡ್ಡೆ ಬರದೆ ಇನ್ನೇನು ಬರುತ್ತೆ? ನಿನ್ನ ಮಾಟ ಇಷ್ಟೇ ನೋಡು!”

ಅಕ್ಕ ಹತ್ತಿರ ಬಂದಳು. ಬಾಯಿ ತೆರೆದಳು, ದನಿ ಬರಲಿಲ್ಲ. ಗಂಟಲಿನ ನರಗಳು ಉಬ್ಬಿದವು, ಕಣ್ಣಲ್ಲಿ ನೀರು ಬಂತು. ಅಷ್ಟು ಪಾಡುಪಟ್ಟು ಕೊನೆಗೆ ಒಂದೇ ಮಾತು ಹೊರಬಿತ್ತು.

“ಬೇಡ.”

ಒಂದು ಮಾತಿಗೆ ಇಷ್ಟು ನಾಟಕ! ತಂಗಿ ಬಾಯ್ತುಂಬ ನಕ್ಕಳು. ತಗಡನ್ನು ಕಿತ್ತು ನೆಲಕ್ಕೆಸೆದಳು. ಇನ್ನೊಂದು ಕೈಯಿಂದ ಆ ಉಬ್ಬನ್ನು ಹಿಡಿದು ತಿರುಚಿದಳು.

ಅದು ಬೆಚ್ಚಗಿತ್ತು.

ಹವಳ ಸುತ್ತಲಿನ ನೀರಿಗಿಂತ ಬೆಚ್ಚಗಿರುವುದಿಲ್ಲ. ಅವಳಿಗೆ ಗೊತ್ತಿತ್ತು. ಕೈ ಬಿಡಬೇಕೆಂದುಕೊಂಡಳು. ಬಿಡಲಾಗಲಿಲ್ಲ. ಬೆರಳ ನಡುವೆ ಸೀಳು ತೆರೆಯಿತು. ಬಿಸಿ ಉಸಿರೊಂದು ನೀರೊಳಗೇ ಅಂಗೈಗೆ ಬಡಿಯಿತು. ಅಷ್ಟರಲ್ಲಿ ತೊಟ್ಟಿಯ ದೀಪ ಆರಿತು. ಪಂಪು ನಿಂತಿತು. ಗೊರಗೊರ ನಿಂತಿತು. ಕತ್ತಲೆ. ಕೊಳೆತ ನೀರಿನ ವಾಸನೆ ಮೂಗಿಗೆ, ಬಾಯಿಗೆ ನುಗ್ಗಿತು. ಕೈ ಖಾಲಿಯಾಗಿತ್ತು. ಮೊಣಕೈಯೊಳಗೆ ಏನೋ ಸರಿಯಿತು. ಭುಜ. ಕುತ್ತಿಗೆ. ಗಂಟಲು.

ಅಲ್ಲಿ ನಿಂತಿತು.

ಗೊರಗೊರ ಮತ್ತೆ ಶುರುವಾಯಿತು. ಈ ಸಲ ಅದು ಅವಳೊಳಗಿತ್ತು.

“ಸದ್ಯ,” ಎಂದಿತು ಕತ್ತಲೆಯಲ್ಲಿ ಒಂದು ದನಿ. ತಿಳಿಯಾದ, ಎಳೆಯ ಹೆಣ್ಣಿನ ದನಿ. ಮದುವೆಗೆ ಮುಂಚೆ ಅಕ್ಕನಿಗಿದ್ದ ದನಿ.

ಪರದೆ ಸರಿಯಿತು. ಕಿಟಕಿಯ ಮುಸ್ಸಂಜೆ ಬೆಳಕಿನಲ್ಲಿ ಅಕ್ಕ ಶಾಲು ಬಿಚ್ಚಿ ಅಚ್ಚುಕಟ್ಟಾಗಿ ಮಡಿಸುತ್ತಿದ್ದಳು.

“ಗಂಟನ್ನ ಹವಳದಲ್ಲಿ ಹಿಡಿದಿಟ್ಟಿದ್ದ ತಗಡು ಸವೆದುಹೋಗಿತ್ತು ಕಣೇ. ಗಂಟಿಗೆ ಬೇರೆ ಜಾಗ ನೋಡು ಅಂದ ಆ ಮಾಟ ತೆಗೆಯೋನು. ಸುಮ್ಮನೆ ದಾಟಿಸೋಕೆ ಆಗಲ್ಲವಂತೆ. ತಗೊಳ್ಳೋರಿಗೆ ಬೇಡ ಅಂತ ಮೂರು ಸಲ ಬಾಯಿಬಿಟ್ಟು ಹೇಳಬೇಕು. ಮೂರು ಸಲವೂ ಅವರು ನಗಬೇಕು. ಅಂಥವರು ಯಾರು ಸಿಗ್ತಾರೆ ಅಂತ ಅವನಿಗೇ ಚಿಂತೆ. ನನಗೆ ಚಿಂತೆಯೇ ಆಗಲಿಲ್ಲ, ನೋಡು.”

ತಂಗಿ ಬಯ್ಯಲು ಬಾಯಿ ತೆರೆದಳು. ಗಾಳಿಯಷ್ಟೇ ಬಂತು. ಅಂಚಿನಲ್ಲಿದ್ದ ಭೂತಗನ್ನಡಿ ಕೈತಾಗಿ ನೆಲಕ್ಕೆ ಬಿದ್ದು ಹೋಳಾಯಿತು.

ಅಕ್ಕ ಅವಳ ಕುತ್ತಿಗೆಗೆ ಶಾಲು ಸುತ್ತಿದಳು, ಸ್ಕೂಲಿಗೆ ಹೊರಡುವ ಮಗುವಿಗೆ ಸುತ್ತುವ ಹಾಗೆ. ಆಮೇಲೆ ಅವಳ ಚೀಲದಿಂದ ಫೋನು ತೆಗೆದು, ಅವಳದೇ ಬೆರಳೊತ್ತಿಸಿ, ಪ್ರಿನ್ಸಿಪಾಲರಿಗೆ ಕರೆ ಮಾಡಿದಳು. “ನಮಸ್ಕಾರ ಸರ್, ನಾನು ಅವಳ ಅಕ್ಕ. ಇಲ್ಲ ಸರ್, ಇನ್ನು ಪಾಠಕ್ಕೆ ಬರೋಕಾಗಲ್ಲ. ದನಿ ಹೋಗಿದೆ. ಹೌದು, ಓದಿದವಳೇ. ಏನ್ ಮಾಡೋದು ಸರ್, ಎಷ್ಟು ಹೇಳಿದರೂ ಕೇಳಲಿಲ್ಲ.” ಮಾತು ಸರಾಗವಾಗಿ, ತೊರೆಯಂತೆ ಹರಿಯಿತು. ಅದರ ತುದಿಯಲ್ಲಿದ್ದ ಸಣ್ಣ ನಗು ತಂಗಿಗೆ ಪರಿಚಿತವಾಗಿತ್ತು. ಅದು ಅವಳದೇ ನಗು.

ಫೋನು ಕೆಳಗಿಟ್ಟು ಅಕ್ಕ ಅಡುಗೆಮನೆಯತ್ತ ತಿರುಗಿದಳು.

“ನೀನೂ ದಾಟಿಸಬಹುದು ಬೇಕಾದರೆ. ನಿನ್ನ ಮಾತಿಗೆ ನಗೋರನ್ನ ಹುಡುಕು. ಆದರೆ ಮೂರು ಸಲ ಬಾಯಲ್ಲೇ ಹೇಳಬೇಕು. ನನಗಾದರೆ ಹವಳ ಒಂದಿಷ್ಟು ದನಿ ಉಳಿಸಿತ್ತು. ನಿನಗೆ ಅದೂ ಇಲ್ಲ ಅಲ್ವಾ, ಪೆದ್ದಿ?”

ತಂಗಿ ಕಪ್ಪಾದ ಗಾಜಿನೆದುರು ನಿಂತಳು. ಬೇಡ ಎನ್ನಲು ತುಟಿ ಬಿಡಿಸಿದಳು. ಗಾಜಿನೊಳಗಿನ ತೆರೆದ ಬಾಯಿಯ ಆಳದಲ್ಲಿ, ಒಸಡಿನ ಬಣ್ಣದ ಇನ್ನೊಂದು ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು.