ಬಿಡಿ ಡಬ್ಬಿಗಳ ಕ್ಯಾಮೆರಾ

“ಮೇಡಂ, ಇದು ಇವತ್ತೇ ಆಗ್ಬೇಕು!”

ಕೆಸರು ಮೆತ್ತಿದ ಕ್ಯಾಮೆರಾ ರಿಪೇರಿ ಅಂಗಡಿಯ ಮೇಜಿನ ಮೇಲೆ ಬಿತ್ತು. ಶಶಿರೇಖಾ ದಣಿದ ಕಣ್ಣೆತ್ತಿ ನೋಡಿದಳು. ಖಾಕಿ ಅಂಗಿ. ಎದೆಯ ಮೇಲೆ ಹೆಸರು... ಸುಧಾಕರ್!

ಅವಳು ಒಂದು ವರ್ಷದಿಂದ ಮನಸ್ಸಿನಲ್ಲೇ ಶಪಿಸುತ್ತಿದ್ದ ಹೆಸರು ಅದು.

ಗುಂಡ್ಲುಪೇಟೆ ಬಳಿಯ ಮದ್ದೂರಿನ ಕಾಡಂಚಿನಲ್ಲಿ ಆನೆ ಬಂದರೆ ಫೋಟೊ ತೆಗೆದು ರೈತರ ಮೊಬೈಲಿಗೆ ಕಳಿಸುವ ಕ್ಯಾಮೆರಾಗಳಿದ್ದವು. ಕಳೆದ ವರ್ಷ ಅವಳ ಅಪ್ಪ ರಂಗನಾಯಕನ ಹೊಲದ ಪಕ್ಕದ್ದು ಕೆಟ್ಟಿತು. ಹೋಗಿದ್ದು ಬರೀ ಬ್ಯಾಟರಿ! ಆದರೆ ಅದು ಬಿಚ್ಚಲಾಗದ ಪೆಟ್ಟಿಗೆ. ಇಡೀ ಕ್ಯಾಮೆರಾ ರಿಪೇರಿಗೆ ಹೋಗಿ ಇಪ್ಪತ್ಮೂರು ದಿನ ಬರಲೇ ಇಲ್ಲ. ಅಷ್ಟರಲ್ಲೇ ಒಂದು ಸಂಜೆ ಆನೆ ನುಗ್ಗಿ ಅಪ್ಪನ ಕಾಲು ಮುರಿಯಿತು. ಕ್ಯಾಮೆರಾ ಕಳಚಿಕೊಂಡು ಹೋಗಿದ್ದವನು ಅರಣ್ಯ ಇಲಾಖೆಯ ಗಾರ್ಡ್ ಈ ಸುಧಾಕರ್.

ಆ ಸಂಕಟದಲ್ಲೇ ಅವಳು ಗುಂಡ್ಲುಪೇಟೆಯ ತನ್ನ ರಿಪೇರಿ ಅಂಗಡಿಯಲ್ಲಿ ಹೊಸ ಕ್ಯಾಮೆರಾ ಮಾಡಿದ್ದಳು. ಲೆನ್ಸ್, ಫ್ಲ್ಯಾಷ್, ಬ್ಯಾಟರಿ, ಸಿಮ್... ಒಂದೊಂದಕ್ಕೂ ಬೇರೆ ಡಬ್ಬಿ. ಕೆಟ್ಟದ್ದನ್ನಷ್ಟೇ ಬದಲಿಸಿದರೆ ಸಾಕು. ಅರಣ್ಯ ಇಲಾಖೆಯವರು ಅಂಥ ಹತ್ತನ್ನು ಹಾಕಿ ನೋಡುತ್ತಿದ್ದರು.

“ಆನೆ ತುಳ್ದುಬುಡ್ತು,” ಅಂದ ಅವನು.

ಅವಳು ಒಡೆದ ಫ್ಲ್ಯಾಷ್ ಡಬ್ಬಿ ಕಳಚಿ, ಹೊಸದನ್ನು ಕೂರಿಸಿದಳು. ಹತ್ತೇ ನಿಮಿಷ!

“ಇಷ್ಟೇನಾ...? ಹೋದ್ವರ್ಸ ಇಂಥದ್ದಿದ್ದಿದ್ರೆ...” ಅವನ ದನಿ ಒಡೆಯಿತು.

“ಹೋದ್ವರ್ಸ ನೀವು ಕಳಚ್ಕೊಂಡೋಗಿ ಮರ್ತುಬುಟ್ರಲ್ಲ! ನಮ್ಮಪ್ಪ ಇವತ್ತಿಗೂ ಕುಂಟ್ತಾವ್ರೆ!”

ಅವನು ಕ್ಯಾಮೆರಾ ಎತ್ತಿಕೊಂಡು ತಲೆ ತಗ್ಗಿಸಿ ಹೊರಟುಹೋದ.

ರಾತ್ರಿ ವಿಷಯ ಕೇಳಿ, ಕಾಲು ಮುರಿದಾಗಿನಿಂದ ಅವಳ ಮನೆಯಲ್ಲೇ ಇದ್ದ ಅಪ್ಪ ಹಣೆ ಹಿಡಿದುಕೊಂಡ.

“ಅವನ್ನ ಬೈದ್ಬುಟ್ಟಾ? ಕ್ಯಾಮೆರಾ ಬರೋಗಂಟ ದಿನಾ ಮರದ್ಮೇಲೆ ಕುಂತು ಕೂಗಿ ಎಚ್ಚರಿಸ್ತಿದ್ದೋನು ಅವ್ನೇ ಕಣಮ್ಮಿ. ಅವತ್ತು ಆನೆ ಬೇರೆ ಕಡೆಯಿಂದ ಬಂತು. ಅದ್ರ ಕಾಲಡಿಯಿಂದ ನನ್ನ ಎಳ್ಕೊಂಡೋನೂ ಅವ್ನೇ!”

“ಯಾಕಪ್ಪ ಹೇಳ್ಲಿಲ್ಲ?”

“ಅವನ ಹೆಸ್ರೆತ್ತಿದ್ರೆ ನೀನು ಉರಿದ್ಬೀಳ್ತಿದ್ದೆ. ಎಲ್ಲಿ ಮಾತಾಡಕ್ಕೆ ಬುಟ್ಟೆ ನೀನು?”

ಅಯ್ಯೋ... ಏನು ಮಾಡಿಬಿಟ್ಟೆ ನಾನು!

ಮರುದಿನ ಮೊದಲ ಬಸ್ಸಿಗೇ ಮದ್ದೂರಿಗೆ ಹೋದಳು. ಅವನು ಮರಕ್ಕೆ ಕ್ಯಾಮೆರಾ ಬಿಗಿಯುತ್ತಿದ್ದ.

“ನನ್ಹತ್ರ ಯಾಕೆ ಬೈಸ್ಕೊಂಡ್ರಿ?”

“ಕಾಲು ಉಳ್ಸಕ್ಕಾಗ್ಲಿಲ್ವಲ್ಲ ಮೇಡಂ...”

ಅವಳ ಕಣ್ಣು ತುಂಬಿ ಬಂತು. “ತಪ್ಪಾಯ್ತು. ನಿಮ್ಮನ್ನ ದ್ವೇಷಿಸಿ ದ್ವೇಷಿಸಿ ನಂಗೇ ಸುಸ್ತಾಗೋಗದೆ.”

ಅಂದಿನಿಂದ ಅವನು ಹಾಳಾದ ಡಬ್ಬಿಗಳನ್ನು ಹಿಡಿದು ವಾರಕ್ಕೊಮ್ಮೆ ಬರತೊಡಗಿದ. ಇಬ್ಬರೂ ದಣಿದಿರುತ್ತಿದ್ದರು. ಮಾತು ಕಡಿಮೆ, ಟೀ ಮಾತ್ರ ಎರಡೆರಡು ಸಲ. ಬದಲಿ ಡಬ್ಬಿಗಳು ಅವನ ಬಳಿಯೇ ಇರುತ್ತಿದ್ದರಿಂದ ಆರು ತಿಂಗಳಲ್ಲಿ ಒಂದು ಕ್ಯಾಮೆರಾವೂ ಒಂದು ದಿನಕ್ಕಿಂತ ಹೆಚ್ಚು ಸುಮ್ಮನಿರಲಿಲ್ಲ. ಆ ಕಡೆ ಆನೆಯಿಂದ ಯಾರಿಗೂ ಪೆಟ್ಟಾಗಲಿಲ್ಲ.

ಒಂದು ಮಧ್ಯಾಹ್ನ ಅವನು ಬರಿಗೈಯಲ್ಲಿ ಬಂದ.

“ಇವತ್ತು ಏನು ಕೆಟ್ಟದೆ?”

“ಏನೂ ಕೆಟ್ಟಿಲ್ಲ... ನಿಮ್ಮಪ್ಪನ್ನ ಒಂದ್ಮಾತು ಕೇಳನ ಅಂತ ಹೊಂಟಿದ್ದೆ.”

ಅವಳು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು.

“ಅಪ್ಪನ್ನ ಆಮೇಲೆ ಕೇಳೀರಂತೆ. ಮೊದ್ಲು ನನ್ನ ಕೇಳಿ.”

“ನನ್ನ ಮದ್ವೆ ಆಯ್ತೀರಾ, ಶಶಿ?”

“ಹೂಂ... ಕೂತ್ಕಳಿ ಮೊದ್ಲು. ಎಷ್ಟು ಸೊರಗೋಗಿದ್ದೀರಿ!”