ಎಡಗಡೆ ಇಂಡಿಕೇಟರ್

ಪಿಕಪ್ ಗಾಡಿ ಹಿಂದಕ್ಕೆ ಬರುತ್ತಲೇ ಇತ್ತು.

ಅಪ್ಪನ ಅಂಗಡಿಯ ಕಟ್ಟೆಯ ಮೇಲೆ ಡೈರಿ ಬರೆಯುತ್ತ ಕುಳಿತಿದ್ದ ಕಾವ್ಯಶ್ರೀ ತಲೆ ಎತ್ತುವಷ್ಟರಲ್ಲಿ ಅದು ಎರಡು ಮಾರು ದೂರದಲ್ಲಿತ್ತು. ಹಿಂದೆ ಒಂದೇ ಒಂದು ದೀಪವೂ ಇರಲಿಲ್ಲ. ಕಾಲೇಜಿನಲ್ಲಿ ಹಾಜರಿ ಕೂಗಿದರೂ ಸಣ್ಣ ದನಿಯಲ್ಲಿ ಉತ್ತರಿಸುತ್ತಿದ್ದ ಹುಡುಗಿ ಅಂದು ಕಿರುಚಿಬಿಟ್ಟಳು.

"ನಿಲ್ಸ್ರೀ!"

ಗಾಡಿ ನಿಂತಿತು. ಆದರೆ ಮೇಲಿನ ಟ್ರೇಯಿಂದ ಒಂದು ಮೊಟ್ಟೆ ಜಾರಿ, ತೆರೆದಿದ್ದ ಡೈರಿಯ ಪುಟದ ಮೇಲೆ ಬಿದ್ದು ಒಡೆಯಿತು.

ಇಳಿದು ಬಂದ ಯುವಕ ಡೈರಿಯನ್ನು ನೋಡಿದ, ಅವಳನ್ನು ನೋಡಿದ, ತಲೆ ಕೆರೆದುಕೊಂಡ.

"ಹಿಂದ್ಗಡೆ ಲೈಟ್ ಇಲ್ರೀ... ಅದನ್ನ ಹಾಕಿಸ್ಕೊಳ್ಳಾಕೇ ಬಂದೆ."

'ಲೈಟ್ ಹಾಕಿಸೋ ಮುಂಚೆ ಅಂಗಡೀನೇ ಕೆಡವ್ತಿದ್ರಲ್ಲ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಲ್ಲೇ ಉಳಿಯಿತು. ಸಂಜೆ ಅದನ್ನು ಬೇರೆ ಪುಟದಲ್ಲಿ ಬರೆದುಕೊಂಡು ಒಬ್ಬಳೇ ನಕ್ಕಳು.

ಅವನ ಹೆಸರು ನಿಂಗರಾಜ್. ಜಗಳೂರಿನವನು. ಬುಧವಾರ, ಶನಿವಾರ ಹೊನ್ನಾಳಿ, ನ್ಯಾಮತಿ ಅಂಗಡಿಗಳಿಗೆ ಮೊಟ್ಟೆ ಹಾಕಿ ಹೋಗುವುದು ಅವನ ಕೆಲಸ. ಕಾವ್ಯಶ್ರೀಯ ಅಪ್ಪ ಓಂಕಾರಪ್ಪ ನ್ಯಾಮತಿಯಲ್ಲಿ ಗಾಡಿಗಳ ವೈರಿಂಗ್ ಮಾಡುವವರು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಮಗಳಿಗೆ ಆ ಕೆಲಸವೆಲ್ಲ ಚಿಕ್ಕಂದಿನಿಂದ ನೋಡಿಯೇ ಬಂದಿತ್ತು.

ಆಮೇಲೆ ಆ ಗಾಡಿಗೆ ವಾರಕ್ಕೊಂದು ತೊಂದರೆ. ಒಮ್ಮೆ ಹಾರನ್, ಒಮ್ಮೆ ಫ್ಯೂಸ್, ಮತ್ತೊಮ್ಮೆ ವೈಪರ್. ಓಂಕಾರಪ್ಪ ಒಂದು ದಿನ ಬಾನೆಟ್ ಮುಚ್ಚುತ್ತ ಅಂದರು:

"ಗಾಡಿಗೇನೂ ಕಾಯಿಲೆ ಇಲ್ಲಪ್ಪ. ಓನರಿಗೇ ಐತೆ."

ನಿಂಗರಾಜ್ ಕಿವಿಯವರೆಗೆ ಕೆಂಪಾದ. ಕಾವ್ಯಶ್ರೀ ಸ್ಕ್ರೂಗಳ ಡಬ್ಬಿಯೊಳಗೆ ಮುಖ ಹುದುಗಿಸಿದಳು.

ಗಾಡಿಯ ಹಿಂದೆ ಅಂದು ಹಾಕಿಸಿದ್ದ ಬಲ್ಬ್ ದೀಪಗಳನ್ನು ತೆಗೆಸಿ ಎಲ್‌ಇಡಿ ಹಾಕಿಸಲು ಅವನು ಬಂದ ಶನಿವಾರ, ಅಪ್ಪ ಊಟಕ್ಕೆ ಹೋಗಿದ್ದರು. ಅವಳೇ ಕೆಲಸಕ್ಕೆ ಕುಳಿತಳು. ಕೆಂಪು ದೀಪ ಆಯಿತು. ಬ್ರೇಕ್ ಲೈಟ್ ಆಯಿತು. ಬಲಗಡೆ ಇಂಡಿಕೇಟರ್ ಹಾಕಿ ನೋಡಿದರೆ ಅದು ಮೊದಲಿನ ಎರಡರಷ್ಟು ವೇಗದಲ್ಲಿ ಮಿಣುಕುತ್ತಿತ್ತು.

ನಿಂಗರಾಜ್ ಗಾಬರಿಯಾದ. ಎಲ್‌ಇಡಿ ಕರೆಂಟ್ ಕಡಿಮೆ ಎಳೆಯುತ್ತದೆ, ದೀಪ ಮಿಣುಕಿಸುವ ಹಳೆಯ ಫ್ಲಾಷರ್ ಬಲ್ಬೇ ಹೋಗಿದೆ ಎಂದುಕೊಂಡು ಹೀಗೆ ಅವಸರ ಮಾಡುತ್ತದೆ, ಹೊಸ ಫ್ಲಾಷರ್ ಬಂದಮೇಲೆ ಬದಲಿಸೋಣ, ಅಲ್ಲಿಯವರೆಗೆ ತಲೆ ಕೆಡಿಸಿಕೊಳ್ಳಬೇಡಿ ಎಂದು ಅವಳು ವಿವರಿಸಿದಳು. ವೈರಿನ ವಿಷಯಕ್ಕೆ ಮಾತ್ರ ಅವಳಿಗೆ ಸರಾಗವಾಗಿ ಮಾತು ಬರುತ್ತಿತ್ತು.

ಎಡಗಡೆಯ ದೀಪ ಒಂದು ಉಳಿಯಿತು. ಅದರ ಎರಡು ವೈರುಗಳು ಅವಳ ಕೈಯಲ್ಲಿದ್ದವು. ಅವನು ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕುಳಿತ.

"ಕಾವ್ಯಾ ಅವ್ರೆ... ನಿಮ್ಮನ್ನ ಮದ್ವೆ ಆಗ್ಬೇಕು ಅಂತೈತೆ ನಂಗೆ."

ಅವಳ ಬೆರಳುಗಳು ನಿಂತವು.

ಅವನು ಮುಚ್ಚುಮರೆ ಮಾಡಲಿಲ್ಲ. ಅವನ ತಾಯಿ ದ್ಯಾಮಮ್ಮ ತನ್ನ ತಮ್ಮನ ಮಗಳನ್ನೇ ಸೊಸೆ ಮಾಡಿಕೊಳ್ಳುತ್ತೇನೆಂದು ಎಂದೋ ಮಾತು ಕೊಟ್ಟಿದ್ದರು. ಅವನು ಈ ವಾರ ತಾಯಿಯ ಹತ್ತಿರ ಕೇಳುವವನಿದ್ದ. ಒಪ್ಪಿದರೆ ಫೋನ್ ಮಾಡುತ್ತೇನೆ ಎಂದ.

"ಫೋನ್ ಬ್ಯಾಡ್ರಿ..." ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಇಲ್ಲ ಅನ್ನೋದನ್ನ ನಂಗೆ ಕಿವೀಲಿ ಕೇಳಾಕೆ ಆಗಲ್ಲ. ಬುಧವಾರ ನಮ್ಮನೆ ಮುಂದೆ ಹೋಗುವಾಗ ಎಡಗಡೆ ಇಂಡಿಕೇಟರ್ ಹಾಕ್ರಿ. ಕಿಟಕೀಲಿ ನೋಡ್ತಿರ್ತೀನಿ. ಕಂಡ್ರೆ ರಸ್ತೆಗೆ ಬಂದು ನಿಂತ್ಕೊಂತೀನಿ. ಇಲ್ಲಾಂದ್ರೆ... ಸುಮ್ಮನೆ ಹೋಗ್ಬಿಡ್ರಿ. ಇಬ್ರೂ ಏನೂ ಕೇಳೋದು ಬ್ಯಾಡ."

ಅವನು ಹೂಂ ಅಂದ. ಅವಳು ವೈರುಗಳನ್ನು ತಿರುಚಿದಳು, ಟೇಪ್ ಸುತ್ತಿದಳು. ಟೆಸ್ಟ್ ಮಾಡದೆ ಟೇಪ್ ಸುತ್ತಬೇಡ ಎಂದು ಅಪ್ಪ ನೂರು ಸಲ ಹೇಳಿದ್ದರು. ಆ ಮಧ್ಯಾಹ್ನ ಅದು ನೆನಪಿಗೇ ಬರಲಿಲ್ಲ.

ಬುಧವಾರ ಸಂಜೆ ಅವಳು ಕಿಟಕಿಯಲ್ಲಿದ್ದಳು. ಪಕ್ಕದ ಕಟ್ಟಡ ಅಡ್ಡವಿದ್ದುದರಿಂದ ಆ ಕಿಟಕಿಗೆ ದಾಟಿಹೋಗುವ ಗಾಡಿಗಳ ಬೆನ್ನು ಮಾತ್ರ ಕಾಣುತ್ತಿತ್ತು.

ಅವನ ಗಾಡಿ ಬಂತು. ಟ್ರೇಗಳ ಮೇಲೆ ಟಾರ್ಪಾಲು. ಕೆಳಗೆ ಅವಳೇ ಕೂರಿಸಿದ ಎರಡು ಕೆಂಪು ದೀಪ. ಗಾಡಿ ನಿಧಾನವಾಯಿತು. ಬ್ರೇಕ್ ಲೈಟ್ ಹೊತ್ತಿತು. ಅವಳ ಕಾಲು ಆಗಲೇ ಹೊಸ್ತಿಲ ಕಡೆ ತಿರುಗಿತ್ತು.

ಹಳದಿ ಬೆಳಕು ಬರಲಿಲ್ಲ.

ಹತ್ತು ಎಣಿಸುವಷ್ಟು ಹೊತ್ತು. ಬ್ರೇಕ್ ಲೈಟ್ ಆರಿತು. ಗಾಡಿ ಹೋಯಿತು.

'ನಿಧಾನ ಮಾಡಿದ್ದು ಯಾಕೆ? ಕೊನೇ ಸಲ ನೋಡಿ ಹೋಗೋಕಾ?' ಎಂದುಕೊಂಡಳು. ತಾಯಿಯ ಮಾತು ಮೀರು ಎಂದು ಅವನಿಗೆ ಹೇಳಲು ತಾನು ಯಾರು? ಆ ರಾತ್ರಿ ಡೈರಿಯಲ್ಲಿ ತಾರೀಖಿನ ಕೆಳಗೆ ಒಂದೇ ಪದವಿತ್ತು. 'ಹೊತ್ತಲಿಲ್ಲ.'

ಆ ಗಾಡಿ ಮತ್ತೆ ನ್ಯಾಮತಿಗೆ ಬರಲಿಲ್ಲ. ಫ್ಲಾಷರ್ ಬಂತು. ಓಂಕಾರಪ್ಪ ಅದರ ಡಬ್ಬಿಯ ಮೇಲೆ 'ನಿಂಗರಾಜ್, ಜಗಳೂರು' ಎಂದು ಬರೆದು ಕಪಾಟಿನಲ್ಲಿ ಇಟ್ಟರು. ಕಾವ್ಯಶ್ರೀ ದಿನವೂ ಬೆಳಿಗ್ಗೆ ಕಪಾಟು ಒರೆಸುವಾಗ ಆ ಡಬ್ಬಿಯನ್ನು ಎತ್ತಿ, ಒರೆಸಿ, ಅದೇ ಜಾಗದಲ್ಲಿ ಇಡುತ್ತಿದ್ದಳು. ಅತ್ತರೆ ಕಾರಣ ಹೇಳಬೇಕಾಗುತ್ತದೆ ಎಂದು ಅಳಲೂ ಇಲ್ಲ. ಊಟ ಕಡಿಮೆಯಾಯಿತು. ಕಿಟಕಿ ಮುಚ್ಚಿಯೇ ಇತ್ತು.

ಏಳು ತಿಂಗಳು ಹೀಗೆಯೇ ಹೋಯಿತು.

ಚನ್ನಗಿರಿಯಿಂದ ಸೋದರತ್ತೆ ಭೀಮಕ್ಕ ಒಂದು ಸಂಬಂಧ ತಂದರು. ಹುಡುಗ ಗುರುಬಸವರಾಜ್, ಹೈಸ್ಕೂಲು ಮೇಷ್ಟ್ರು, ಒಳ್ಳೆಯವನು. ತಮ್ಮ ಮನೆಯಲ್ಲೇ ಹುಡುಗಿ ತೋರಿಸೋಣ ಎಂದು ಭೀಮಕ್ಕ ಖುದ್ದಾಗಿ ಬಂದು ಕರೆದರು. ಕಾವ್ಯಶ್ರೀ ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ಅಪ್ಪ ಮರುದಿನ ಬರುವುದೆಂದಾಯಿತು.

ಬಸ್ಸಿನ ಮುಂದಿನ ಸೀಟು. ಹುಡುಗನ ಕಡೆಯವರು ಕೇಳಿದರೆ ಗಟ್ಟಿಯಾಗಿ ಮಾತಾಡು, ಮೂಗಿ ಅಂದುಕೊಂಡಾರು ಎಂದು ಭೀಮಕ್ಕ ದಾರಿಯುದ್ದಕ್ಕೂ ಹೇಳಿಕೊಡುತ್ತಿದ್ದರು. ಚನ್ನಗಿರಿ ಇನ್ನು ನಾಲ್ಕು ಮೈಲಿ ಇರುವಾಗ ಬಸ್ಸು ಗಕ್ಕನೆ ನಿಂತಿತು. ಎಲ್ಲರ ತಲೆ ಮುಂದಿನ ಕಂಬಿಗೆ ಬಡಿಯಿತು.

ಮುಂದೆ ಹೋಗುತ್ತಿದ್ದ ಪಿಕಪ್ ಏನೂ ಸೂಚನೆ ಕೊಡದೆ ಎಡಕ್ಕೆ ತಿರುಗಿತ್ತು.

ಡ್ರೈವರ್ ತಲೆ ಹೊರಗೆ ಹಾಕಿದ. "ಏನೋ ಮಾರಾಯ, ಇಂಡಿಕೇಟರ್ ಹಾಕಾಕೆ ಕೈ ನೋವಾ?"

"ಹಾಕೀನಲ್ಲಣ್ಣ! ಇಲ್ಲಿ ಬಡ್ಕೊಂತೈತೆ ನೋಡ್ ಬಾ!"

ಆ ದನಿ...

ಕಾವ್ಯಶ್ರೀ ಎದ್ದು ನಿಂತಳು. ಗಾಜಿನಾಚೆ ಮೊಟ್ಟೆಯ ಟ್ರೇಗಳು. ಕೆಳಗೆ ಬಲಗಡೆಯ ಹಳದಿ ದೀಪ, ಎಡಗಡೆಯ ಹಳದಿ ದೀಪ, ಎರಡೂ ಅವಳು ಕೂರಿಸಿದ್ದೇ. ಒಳಗೆ ಬಡಿದುಕೊಳ್ಳುತ್ತಿದೆ ಎಂದು ಅವನು ಹೇಳುತ್ತಿದ್ದ. ಹೊರಗೆ ಎಡಗಡೆಯದು ಕತ್ತಲಾಗಿತ್ತು.

'ಆ ಬುಧವಾರ ಹಾಕಿದ್ರಾ...?'

ಭೀಮಕ್ಕ ಕರೆಯುತ್ತಿದ್ದಂತೆಯೇ ಅವಳು ಬಸ್ಸಿಳಿದಳು. ಬೇರೆ ದಾರಿಯಿಲ್ಲದೆ ಭೀಮಕ್ಕ ಚೀಲ ಹೊತ್ತು ಹಿಂದೆ ಇಳಿದರು. ಬಸ್ಸು ಹೋಯಿತು.

ನಿಂಗರಾಜ್ ಅವಳನ್ನು ನೋಡಿ ಬಾಗಿಲ ಹಿಡಿ ಬಿಡಲೇ ಇಲ್ಲ. ಬಡವಾಗಿದ್ದ. ಅವಳು ಅವನ ಮುಖ ನೋಡದೆ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ಟೇಪನ್ನು ಉಗುರಿನಿಂದ ಕಿತ್ತಳು. ಕೆಂಪು ವೈರಿಗೆ ಕಪ್ಪು, ಕಪ್ಪಿಗೆ ಕೆಂಪು. ಹಳೆಯ ಬಲ್ಬಾಗಿದ್ದರೆ ಹೇಗೆ ಕೊಟ್ಟರೂ ಉರಿಯುತ್ತಿತ್ತು. ಎಲ್‌ಇಡಿ ಹಾಗಲ್ಲ, ತಿರುಗಿಸಿ ಕೊಟ್ಟರೆ ಹೊತ್ತುವುದಿಲ್ಲ. ಅದು ಅವಳಿಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು.

ಬದಲಿಸಿದಳು. ಹಳದಿ ಬೆಳಕು ಅವಳ ಅಂಗೈ ಮೇಲೆ ಅವಸರ ಅವಸರವಾಗಿ ಮಿಣುಕತೊಡಗಿತು.

"ಅವತ್ತು... ಹಾಕಿದ್ರಾ?"

"ಹಾಕಿದ್ದೆ." ಅವನು ಬಾಗಿಲ ಹಿಡಿ ಬಿಟ್ಟ. "ಒಳಗೆ ಬೇಗ ಬೇಗ ಹೊಡ್ಕೊಂತಿತ್ತು. ನೀನೇ ಹೇಳಿದ್ಯಲ್ಲ, ಅದು ಹಂಗೇ ಅಂತ. ನಿಧಾನ ಮಾಡ್ದೆ. ಕನ್ನಡೀಲಿ ನೋಡ್ತಾನೇ ಇದ್ದೆ. ನೀನು ಬರ್ಲಿಲ್ಲ. ಕನ್ನಡಿ ಖಾಲಿ ಇತ್ತು ಕಾವ್ಯಾ."

ಅವಳು ಗಾಡಿಯ ಪಕ್ಕದ ಕನ್ನಡಿಯತ್ತ ನೋಡಿದಳು.

"ಅವ್ವನೂ ಪಕ್ಕದಲ್ಲಿ ಕುಂತಿದ್ಲು," ಎಂದ ಅವನು. "ನಿನ್ನ ನೋಡಾಕೆ ಅಂತ ಬಂದಿದ್ಲು."

ದ್ಯಾಮಮ್ಮ ತಮ್ಮನ ಮನೆಗೆ ಹೋಗಿ ಕೊಟ್ಟ ಮಾತನ್ನು ವಾಪಸು ಪಡೆದು ಬಂದಿದ್ದರು. ಹೊಸ ಸೀರೆ, ಹೂವು ತೊಡೆಯ ಮೇಲಿಟ್ಟುಕೊಂಡು ಜಗಳೂರಿನಿಂದ ಅಷ್ಟು ದೂರ ಕುಳಿತು ಬಂದಿದ್ದರು. ಹುಡುಗಿ ಹೊರಗೆ ಬರದಿದ್ದಾಗ, ಹಾರನ್ ಹೊಡೆಯಬೇಡ, ಅವಳಿಗೆ ಮನಸ್ಸಿಲ್ಲ, ನಡಿ ಎಂದಿದ್ದರು. ಅವನು ಆ ದಾರಿ ಬಿಟ್ಟು ಚನ್ನಗಿರಿ ಕಡೆಯ ಅಂಗಡಿಗಳಿಗೆ ಮೊಟ್ಟೆ ಹಾಕತೊಡಗಿದ್ದ. ಆ ತಮ್ಮ ಅಂದಿನಿಂದ ಅಕ್ಕನ ಮನೆಯ ಹೊಸ್ತಿಲು ತುಳಿದಿಲ್ಲ. ಹಬ್ಬಕ್ಕೂ ಬಂದಿಲ್ಲ.

ಏಳು ತಿಂಗಳು ತಡೆದಿಟ್ಟ ಅಳು ಆಗ ಬಂತು. ರಸ್ತೆಯ ಬದಿ, ಗಾಡಿಯ ಹಿಂಬದಿಗೆ ಹಣೆ ಒತ್ತಿ ಅವಳು ಅತ್ತಳು. ಒಬ್ಬ ತಾಯಿ ತನಗಾಗಿ ಒಡಹುಟ್ಟಿದವನನ್ನೇ ಬಿಟ್ಟು ಬಂದಿದ್ದಳು. ತಾನೋ ಕಿಟಕಿಯ ಹಿಂದೆ ನಿಂತು ಒಂದು ದೀಪಕ್ಕೆ ಕಾದಿದ್ದಳು. ಮೂರು ಹೆಜ್ಜೆ ಹೊರಗೆ ಬಂದಿದ್ದರೆ...

ಕಲ್ಲಿನ ಮೇಲೆ ಕುಳಿತಿದ್ದ ಭೀಮಕ್ಕನಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು.

"ಅಲ್ಲ ಕಣೇ, ಒಂದ್ ವೈರಿಗೆ ಏಳು ತಿಂಗ್ಳು ಅನ್ನ ಬಿಟ್ಯಾ? ಅಲ್ಲಿ ಮೇಷ್ಟ್ರು ಮನೆಯೋರು ನಾಳೆ ಬರ್ತಾರೆ, ನಾನೇನ್ ಹೇಳ್ಲಿ ಅವ್ರಿಗೆ?" ಎಂದರು. ಬೈಗುಳದ ಕೊನೆಗೆ ಅವರ ದನಿಯೇ ಒದ್ದೆಯಾಯಿತು.

ಕಾವ್ಯಶ್ರೀ ಕಣ್ಣೊರೆಸಿಕೊಂಡು ಫೋನ್ ತೆಗೆದಳು. ಅಪ್ಪನಿಗೇ ಮಾಡಿದಳು.

"ಅಪ್ಪಾ... ನಾನೊಂದು ಲೈಟ್ ಟೆಸ್ಟ್ ಮಾಡ್ದೆ ಟೇಪ್ ಸುತ್ತಿದ್ದೆ. ಆ ಮೊಟ್ಟೆ ಗಾಡೀದು. ಈ ಸಂಬಂಧ ಬ್ಯಾಡಪ್ಪಾ. ಆ ಲೈಟ್ ಸರಿ ಮಾಡ್ಬೇಕು ನಾನು."

ಓಂಕಾರಪ್ಪ ಒಂದೇ ಮಾತು ಕೇಳಿದರು.

"ಆ ಫ್ಲಾಷರ್ ಕಪಾಟಲ್ಲೇ ಐತಲ್ಲವ್ವ?"

ಅವಳು ಅಳುತ್ತಲೇ ಹೂಂ ಅಂದಳು.

ನಿಂಗರಾಜ್ ಹತ್ತಿರ ಬಂದ. ನೇತಾಡುತ್ತಿದ್ದ ವೈರುಗಳನ್ನು ತಾನು ಹಿಡಿದುಕೊಂಡ. ಈ ಸಲ ಅವಳು ನೋಡಿ, ಮತ್ತೊಮ್ಮೆ ನೋಡಿ, ಟೇಪ್ ಸುತ್ತಿದಳು.

"ಅವ್ವ ಇನ್ನು ಆ ದಾರೀಗೆ ಬರಲ್ಲ ಅಂತಾಳೆ," ಎಂದ ಅವನು ಮೆಲ್ಲಗೆ. "ತುಂಬ ನೊಂದ್ಕೊಂಡಾಳೆ."

"ಅವ್ರು ಬರೋದು ಬ್ಯಾಡ್ರಿ. ನಾನೇ ಜಗಳೂರಿಗೆ ಬರ್ತೀನಿ. ಅಪ್ಪನ ಜೊತೆ, ಫ್ಲಾಷರ್ ತಗೊಂಡು."

"ಅವ್ವಗೆ ಏನಂತ ಹೇಳ್ಲಿ?"

ಅವಳು ಮಿಣುಕುವ ದೀಪವನ್ನು ನೋಡಿದಳು, ಆಮೇಲೆ ಮೊದಲ ಬಾರಿಗೆ ಅವನ ಕಣ್ಣುಗಳನ್ನು ನೇರವಾಗಿ ನೋಡಿದಳು.

"ಅತ್ತೆಗೆ ಹೇಳ್ರಿ... ಲೈಟ್ ಹಾಕಿದ ಹುಡುಗಿ ಬರ್ತಾಳೆ. ಈ ಸಲ ಕಿಟಕೀಲಿ ನಿಲ್ಲಲ್ಲ, ಒಳಗೇ ಬರ್ತಾಳೆ ಅನ್ರಿ."