ಹಿತ್ತಾಳೆ ಬಣ್ಣದ ಸ್ಕ್ರೂ

"ಡಾಕ್ಟರಮ್ಮ, ನನ್ನ ಲ್ಯಾಪ್‌ಟಾಪ್ ಸತ್ತಿದೆ, ನಮ್ಮನೆಯವರು ಬ್ಯಾಗ್ ತುಂಬಿಸ್ಕೊಂಡು ಹೊರಟಿದ್ದಾರೆ. ಎರಡರಲ್ಲಿ ಒಂದನ್ನಾದ್ರೂ ಉಳಿಸಿಕೊಡಿ!"

ಮೂರನೇ ಮಹಡಿಯ ಯಜಮಾನರ ದೊಡ್ಡ ಮಗಳು ಹೀಗೆ ಕೂಗುತ್ತಾ ಕ್ಲಿನಿಕ್ಕಿಗೆ ನುಗ್ಗಿದಾಗ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿ ಅದನ್ನು ಮುಚ್ಚುವುದನ್ನೇ ಮರೆತ. ಬಾಗಿಲ ಬಳಿಯೇ ಕೂತಿದ್ದ ನನ್ನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಯಾರೂ ನೋಡುವುದಿಲ್ಲ. ನಮ್ಮ ಕಟ್ಟಡದಲ್ಲಿ ಬೀಗದ ಕೈ ಕಳೆದರೂ, ಬೆಕ್ಕು ಕಳೆದರೂ ಎಲ್ಲರೂ ಹುಡುಕಿಕೊಂಡು ಬರುವುದು ಅಕ್ಕನನ್ನೇ. ಅಕ್ಕ ಎಂದರೆ ನನ್ನ ಓರಗಿತ್ತಿ. ನಾವಿಬ್ಬರೂ ಅಣ್ಣ ತಮ್ಮಂದಿರನ್ನು ಕಟ್ಟಿಕೊಂಡವರು. ಅವಳು ಹಲ್ಲು ಕೀಳುತ್ತಾಳೆ, ಕಳ್ಳರನ್ನೂ ಹಿಡಿಯುತ್ತಾಳೆ. ನಾನು ಫೋನ್ ಎತ್ತುತ್ತೇನೆ. ಅವಳಿಗಾಗಿ ಬೆಂಕಿಗೂ ಹಾರಿಯೇನು, ಆದರೆ ಹೊಟ್ಟೆಕಿಚ್ಚೇ ಇಲ್ಲವೆಂದರೆ ಸುಳ್ಳು ಹೇಳಿದಂತಾಗುತ್ತದೆ.

ಅಕ್ಕ ರೋಗಿಯ ಬಾಯಿಗೆ ಹತ್ತಿ ಇಟ್ಟು, "ಇದನ್ನ ಕಚ್ಚಿಕೊಂಡಿರಿ, ಬಂದೆ" ಎಂದು ಕೈಗವಸು ಕಳಚಿದಳು. "ಏನಾಯ್ತು, ಮೊದಲಿಂದ ಹೇಳಮ್ಮ."

ಆ ಹುಡುಗಿ ಕಟ್ಟಡಗಳ ನಕ್ಷೆ ಬಿಡಿಸುವವಳು. ಮೊದಲ ಬಾರಿಗೆ ತಾನೊಬ್ಬಳೇ ಮಾಡಿದ ಗ್ರಂಥಾಲಯದ ವಿನ್ಯಾಸವನ್ನು ಅಂದು ಮಧ್ಯಾಹ್ನ ಆಯ್ಕೆ ಮಾಡುವವರ ಮುಂದೆ ತೋರಿಸಬೇಕಿತ್ತು. ಅಷ್ಟು ದೊಡ್ಡ ನಕ್ಷೆ ತೆರೆಯಲು ಅವಳ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿತ್ತು. ಹಾಗಾಗಿ ಹಿಂದಿನ ಸಂಜೆ ಅವಳ ಗಂಡ ಹೊಸ ರ‍್ಯಾಮ್ ತಂದು, ಹಳೆಯ ಸಣ್ಣದನ್ನು ತೆಗೆದು, ದೊಡ್ಡದನ್ನು ಕೂರಿಸಿದ್ದ. ರ‍್ಯಾಮ್ ಎಂದರೆ ಕೆಲಸ ನಡೆಯುವಷ್ಟು ಹೊತ್ತು ಕಂಪ್ಯೂಟರು ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಳ್ಳುವ ಬೆರಳುದ್ದದ ಪಟ್ಟಿ.

"ನಿನ್ನೆ ಕುದುರೆ ಥರ ಓಡ್ತು. ಬೆಳಿಗ್ಗೆ ಇಬ್ರೂ ವಾಕಿಂಗ್ ಹೋಗಿ ಬಂದು ಬಟನ್ ಒತ್ತಿದ್ರೆ ಬರೀ ಕಪ್ಪು ಪರದೆ. ಅಂಗಡಿಗೆ ಫೋನ್ ಮಾಡಿದ್ವಿ. ಮನೇಲೇ ಬಿಚ್ಚಿದ್ರಾ, ಹಾಗಾದ್ರೆ ಸುಟ್ಟೇಹೋಗಿರುತ್ತೆ ಅಂದ್ರು. ನಾನು ಕೋಪದಲ್ಲಿ ಇವರಿಗೆ ಬಾಯಿಗೆ ಬಂದಿದ್ದೆಲ್ಲ ಅಂದುಬಿಟ್ಟೆ."

ಅಕ್ಕ ಬಾಯಿಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ಜೇಬಿಗೆ ಹಾಕಿಕೊಂಡಳು. ನಾವು ಮೆಟ್ಟಿಲು ಹತ್ತಿದೆವು.

ಆ ಮನೆಯಲ್ಲಿ ರಿಪೇರಿಯಾಗದ ವಸ್ತುವೇ ಇರಲಿಲ್ಲ. ಊಟದ ಮೇಜಿನ ಕಾಲಿಗೆ ಕಬ್ಬಿಣದ ಪಟ್ಟಿ, ಗೋಡೆ ಗಡಿಯಾರಕ್ಕೆ ಬೇರೆ ಗಡಿಯಾರದ ಮುಳ್ಳು, ಕುಕ್ಕರಿನ ಹಿಡಿಗೆ ತಂತಿ. ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಬಾಗಿಲ ಹತ್ತಿರ ಬ್ಯಾಗು, ಬ್ಯಾಗಿನ ಹತ್ತಿರ ಅಳಿಯ. ಸ್ವಂತ ಮನೆ ಸಿಗುವವರೆಗೆ ಅಂತ ಮದುವೆಯಾದಾಗಿನಿಂದ ಅವನು ಮಾವನ ಮನೆಯಲ್ಲೇ ಇದ್ದ. ಮಾವ, ಅಂದರೆ ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಯಜಮಾನರು, ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತಿದ್ದರು.

"ಅಳಿಯನ ಕುರುಡು ಬೆಳಗಾದ್ರೆ ಗೊತ್ತಾಗುತ್ತೆ ಅಂತಾರೆ," ಎಂದರು ಅವರು. "ಗಾದೆ ಸುಮ್ನೆ ಮಾಡಿದ್ದಾರಾ?"

ಅಳಿಯನ ಕಿವಿ ಕೆಂಪಾಯಿತು. "ಮೇಡಂ, ನಾನು ಎಲ್ಲಾ ಸರಿಯಾಗೇ ಮಾಡಿದ್ದೆ. ಪಟ್ಟಿ ಟಕ್ ಅನ್ನೋವರೆಗೂ ಒತ್ತಿದ್ದೆ. ಒಂದೇ ತಪ್ಪು. ಹಿಂಬದಿ ಮುಚ್ಚಳದ ಮೂಲೆ ಸ್ಕ್ರೂ ಕೈಜಾರಿ ಎಲ್ಲೋ ಉರುಳಿಹೋಯ್ತು. ಎಷ್ಟು ಗುಡಿಸಿದ್ರೂ ಸಿಗಲಿಲ್ಲ. ಒಂದು ಕಮ್ಮಿಯಾದ್ರೆ ಏನೂ ಆಗಲ್ಲ ಅಂತ ಹಾಗೇ ಬಿಟ್ಟೆ."

"ಅದೇ ಒಳಗೆ ಬಿದ್ದು ಸುಟ್ಟಿರುತ್ತೆ ಭಾವ," ಎಂದಳು ಕೋಣೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕ ಮಗಳು.

ಅಕ್ಕ ಸ್ಕ್ರೂಡ್ರೈವರ್ ಕೇಳಿದಳು. ಅಳಿಯ ಇಟ್ಟ ಜಾಗದಲ್ಲಿ ಅದಿರಲಿಲ್ಲ. ಹುಡುಕಿದರೆ ಚಿಕ್ಕವಳ ಕೋಣೆಯಲ್ಲಿ ಸಿಕ್ಕಿತು. ಅಲ್ಲಿ ಅವಳದೇ ಲ್ಯಾಪ್‌ಟಾಪ್ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು, ಹಾಸಿಗೆಯ ತುಂಬ ಸ್ಕ್ರೂಗಳು.

"ನಮ್ಮಕ್ಕನ ಹಳೇ ರ‍್ಯಾಮ್ ನನ್ನದಕ್ಕೆ ಹಾಕೋಣ ಅಂತ ಬೆಳಿಗ್ಗೆ ತಗೊಂಡೆ. ಕೂರಲಿಲ್ಲ," ಎಂದು ಅವಳು ಮೂತಿ ತಿರುವಿದಳು. "ಅವಳಿಗಾದ್ರೆ ಎಲ್ಲಾ ಹೊಸದು. ನನ್ನದು ತೆವಳ್ತಾನೇ ಇರಲಿ, ಯಾರಿಗೇನು?"

ಹೊಟ್ಟೆಕಿಚ್ಚಿನ ವಾಸನೆ ನನಗೆ ಬೇಗ ಬಡಿಯುತ್ತದೆ. ಇವಳದೇ ಕೈವಾಡ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಅಕ್ಕ ಲ್ಯಾಪ್‌ಟಾಪನ್ನು ಬೋರಲು ಹಾಕಿದಳು. ಎಲ್ಲ ಸ್ಕ್ರೂಗಳೂ ಬಿಗಿಯಾಗಿದ್ದವು. "ಅಕ್ಕ, ಬೇರೆಲ್ಲ ಕಪ್ಪಗಿವೆ, ಈ ಮೂಲೆಯದ್ದು ಮಾತ್ರ ಯಾಕೆ ಹಿತ್ತಾಳೆ ಬಣ್ಣ?" ಎಂದು ನಾನು ಅವಳ ಕಿವಿಯಲ್ಲಿ ಕೇಳಿದೆ. ಅವಳು "ಹ್ಞೂಂ" ಎಂದಳು, ಅಷ್ಟೆ. ಮುಚ್ಚಳ ತೆಗೆದು, ಕನ್ನಡಿ ಇಳಿಬಿಟ್ಟು, ದವಡೆ ಹಲ್ಲು ನೋಡುವಂತೆ ಒಳಗೆಲ್ಲ ನೋಡಿದಳು. ರ‍್ಯಾಮಿನ ಪಟ್ಟಿ ಒಂದು ಬದಿ ಎದ್ದು ಓರೆಯಾಗಿ ನಿಂತಿತ್ತು. ಅದನ್ನು ಹಿಡಿದಿಡುವ ಎರಡು ಪಕ್ಕದ ಕೊಕ್ಕೆಗಳೂ ತೆರೆದಿದ್ದವು. ಕಳೆದ ಸ್ಕ್ರೂ ಒಳಗೆಲ್ಲೂ ಇರಲಿಲ್ಲ. ಅಕ್ಕ ಏನನ್ನೂ ಮುಟ್ಟದೆ ಎಲ್ಲರನ್ನೂ ಮೇಜಿನ ಸುತ್ತ ಕೂರಲು ಹೇಳಿದಳು.

"ಯಜಮಾನ್ರೇ, ನನ್ನ ಕ್ಲಿನಿಕ್ಕಿನ ದೀಪದ್ದು ಒಂದು ಪುಟ್ಟ ಸ್ಕ್ರೂ ಬಿದ್ದುಹೋಗಿದೆ. ನಿಮ್ಮ ಹತ್ರ ಇರಬಹುದಾ?"

ನಾನು ಬೆಪ್ಪಾದೆ. ಆ ದೀಪವನ್ನು ದಿನಾ ಒರೆಸುವವಳು ನಾನೇ. ಅದರ ಒಂದು ಸ್ಕ್ರೂ ಕೂಡ ಬಿದ್ದಿರಲಿಲ್ಲ. ಯಜಮಾನರ ಮುಖ ಮಾತ್ರ ಅರಳಿತು. ಹೋಗಿ ಒಂದು ತಗಡಿನ ಡಬ್ಬಿ ತಂದರು. "ಹಳೇ ರೇಡಿಯೋ, ಟೇಪ್‌ರೆಕಾರ್ಡರ್, ಕ್ಯಾಮೆರಾ, ಒಂದರ ಸ್ಕ್ರೂನೂ ಎಸೆದೋನಲ್ಲ ನಾನು. ಯಾವ ಸೈಜ್ ಬೇಕು ಹೇಳಿ ಡಾಕ್ಟರಮ್ಮ."

"ಈ ಸೈಜು," ಎಂದು ಅಕ್ಕ ಡಬ್ಬಿಯಿಂದ ಒಂದನ್ನು ಆರಿಸಿ, ಲ್ಯಾಪ್‌ಟಾಪಿನ ಮೂಲೆಯಿಂದ ತೆಗೆದ ಸ್ಕ್ರೂವಿನ ಪಕ್ಕದಲ್ಲಿಟ್ಟಳು. ಎರಡೂ ಒಂದೇ ಅಚ್ಚು, ಒಂದೇ ಹಿತ್ತಾಳೆ ಬಣ್ಣ. ಯಜಮಾನರ ಕಾಲು ಅಲ್ಲಾಡುವುದು ನಿಂತಿತು.

"ಮೊದಲನೇದಾಗಿ, ಏನೂ ಸುಟ್ಟಿಲ್ಲ," ಎಂದಳು ಅಕ್ಕ. "ನಿನ್ನೆ ಚೆನ್ನಾಗಿ ಓಡಿದೆ ಅಂದ್ಮೇಲೆ ಪಟ್ಟಿ ಸರಿಯಾದದ್ದೇ, ಕೂರಿಸಿದ್ದೂ ಸರಿಯಾಗೇ. ಇವತ್ತು ಅದು ಎದ್ದು ನಿಂತಿದೆ. ತಾನಾಗೇ ಅಲ್ಲಾಡೋಕೆ ಅದೇನು ಹಾಲುಹಲ್ಲಲ್ಲ. ಎರಡೂ ಕೊಕ್ಕೆ ಬೆರಳಲ್ಲಿ ಸರಿಸಿದ್ರೇ ಏಳೋದು. ಅಂದ್ರೆ ಇವರಿಬ್ರೂ ವಾಕಿಂಗ್ ಹೋದಾಗ ಯಾರೋ ಬಿಚ್ಚಿದ್ದಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಹಾಗೆ ಬೈಸಿಕೊಂಡಿದ್ದು ಮಾತ್ರ ಅಳಿಯ."

ಎಲ್ಲರೂ ಚಿಕ್ಕವಳ ಕಡೆ ನೋಡಿದರು. ನಾನೂ ನೋಡಿದೆ.

"ಇವಳಲ್ಲ," ಎಂದಳು ಅಕ್ಕ. "ಬಿಚ್ಚಿದವರು ಹೋಗುವಾಗ ಒಂದು ಸ್ಕ್ರೂ ಹೆಚ್ಚಿಗೆ ಹಾಕಿದ್ದಾರೆ. ಅಳಿಯ ಖಾಲಿ ಬಿಟ್ಟ ತೂತು ಬೆಳಿಗ್ಗೆ ಹೊತ್ತಿಗೆ ತುಂಬಿತ್ತು. ಅದನ್ನ ಮೊದಲು ಕಂಡಿದ್ದು ನಾನಲ್ಲ, ನನ್ನ ತಂಗಿ. ಚಿಕ್ಕವಳ ಕೋಣೆ ನೋಡಿದ್ರಲ್ಲ? ತನ್ನ ಸ್ಕ್ರೂನೇ ಹಾಸಿಗೆ ಮೇಲೆ ಚೆಲ್ಲಿರೋಳು ಇನ್ನೊಬ್ಬರದ್ದು ಹುಡುಕಿ ಹಾಕ್ತಾಳಾ? ಇದು ಜೀವಮಾನವಿಡೀ ರಿಪೇರಿ ಮಾಡಿದ ಕೈ. ಮನಸ್ಸು ಕೆಡಿಸು ಅಂತು, ಕೆಡಿಸ್ತು. ಆದ್ರೆ ತೂತು ಖಾಲಿ ಇರೋದು ನೋಡಿ ಆ ಕೈಗೆ ಸುಮ್ನಿರೋಕೆ ಆಗಲಿಲ್ಲ."

"ಅಪ್ಪಾ?" ಎಂದಳು ದೊಡ್ಡ ಮಗಳು.

ಯಜಮಾನರು ಡಬ್ಬಿಯ ಮುಚ್ಚಳ ಹಾಕಲು ನೋಡಿದರು. ಅದು ಸರಿಯಾಗಿ ಕೂರಲಿಲ್ಲ.

"ಚಿಕ್ಕೋಳಿದ್ದಾಗಿಂದ ಈ ಮನೇಲಿ ಏನು ಕೆಟ್ರೂ 'ಅಪ್ಪಾ' ಅಂತ ಕೂಗ್ತಿದ್ದೆ," ಎಂದರು ಮಗಳಿಗೆ. "ಗೊಂಬೆ ಕೈ ಮುರಿದ್ರೂ ಅಪ್ಪಾ, ಸೈಕಲ್ ಚೈನ್ ಬಿದ್ರೂ ಅಪ್ಪಾ. ನಿನ್ನೆ ನಾನು ಇಲ್ಲೇ, ನಿನ್ನ ಪಕ್ಕದಲ್ಲೇ ಕೂತಿದ್ದೆ. ನೀನು 'ರೀ' ಅಂದೆ. ಹೊಟ್ಟೆ ಉರೀತು ಕಣಮ್ಮ. ಬೆಳಿಗ್ಗೆ ನೀವು ಬಂದು ನೋಡ್ತೀರಿ, ಅದು ಓಡಲ್ಲ, ನನ್ನ ಕರೀತೀರಿ, ನಾನು ಒತ್ತಿ ಸರಿ ಮಾಡ್ತೀನಿ ಅಂದ್ಕೊಂಡೆ. ಆದ್ರೆ ನೀವು ಅಂಗಡಿಗೆ ಫೋನ್ ಮಾಡಿದ್ರಿ. ಆಮೇಲೆ ಜಗಳ ಶುರುವಾಯ್ತು. ಹೇಳೋಕೆ ಬಾಯಿ ಬರಲಿಲ್ಲ."

"ಗಾದೆ ಹೇಳೋಕೆ ಬಂತಲ್ಲ!" ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. "ಕ್ಷಮೆ ನನ್ನ ಕೇಳಬೇಡಿ. ಇವರನ್ನ ಕೇಳಿ."

ಯಜಮಾನರು ಎದ್ದು ಅಳಿಯನ ಮುಂದೆ ನಿಂತರು. "ತಪ್ಪಾಯ್ತಪ್ಪ," ಎಂದರು. "ನೀನು ಕೂರಿಸಿದ್ದು ಚೆನ್ನಾಗೇ ಇತ್ತು. ಬಿಚ್ಚಿದಾಗ್ಲೇ ನೋಡಿದೆ. ಅದಕ್ಕೇ ಇನ್ನೂ ಉರೀತು."

ನಾನು ಬ್ಯಾಗನ್ನೇ ನೋಡುತ್ತಿದ್ದೆ. ಅಳಿಯನ ಕೈ ಇನ್ನೂ ಅದರ ಹಿಡಿಯ ಮೇಲಿತ್ತು. ಕೊನೆಗೆ ಹಿಡಿ ಬಿಟ್ಟು, ಮೇಜಿನಿಂದ ಸ್ಕ್ರೂಡ್ರೈವರ್ ಎತ್ತಿ ಮಾವನತ್ತ ಚಾಚಿದ. "ಹೊತ್ತಾಗ್ತಿದೆ ಮಾವ. ನೀವು ಒತ್ತಿ, ನಾನು ಟಾರ್ಚ್ ಹಿಡೀತೀನಿ."

ಟಕ್ ಎಂಬ ಶಬ್ದ ನಮಗೆಲ್ಲ ಕೇಳಿಸಿತು. ಪರದೆ ಬೆಳಗಿತು, ಗ್ರಂಥಾಲಯದ ನಕ್ಷೆ ಮೆಟ್ಟಿಲು ಕಿಟಕಿಗಳ ಸಮೇತ ತೆರೆದುಕೊಂಡಿತು. ಮುಚ್ಚಳ ಹಾಕುವಾಗ ಯಜಮಾನರು ಹಿತ್ತಾಳೆ ಬಣ್ಣದ ಸ್ಕ್ರೂವನ್ನು ನಾಚಿಕೆಯಿಂದ ಡಬ್ಬಿಗೆ ಸೇರಿಸಲು ಹೋದರು. ಮಗಳು ಅದನ್ನು ಅವರ ಕೈಯಿಂದ ಕಿತ್ತುಕೊಂಡು ತಾನೇ ತೂತಿಗೆ ಇಟ್ಟಳು.

ಹತ್ತಿ ಕಚ್ಚಿಕೊಂಡು ಕಾಯುತ್ತಿದ್ದ ರೋಗಿಯ ನೆನಪಾಗಿ ನಾವು ಹೊರಟೆವು. "ಅಷ್ಟು ಜನರ ಮುಂದೆ ನನ್ನ ಹೆಸರು ಯಾಕೆ ಎತ್ತಿದೆ?" ಎಂದು ಮೆಟ್ಟಿಲಲ್ಲಿ ಅಕ್ಕನನ್ನು ಕೇಳಿದೆ. ಖುಷಿ ಮುಚ್ಚಿಡಲು ದನಿ ಒರಟು ಮಾಡಿಕೊಂಡಿದ್ದೆ.

"ಕಂಡಿದ್ದು ನೀನು ತಾನೆ?" ಎಂದಳು ಅಕ್ಕ. "ಪಕ್ಕದಲ್ಲೇ ಕೂತಿರೋರನ್ನ ಕರೀದೇ ಇದ್ರೆ ಏನಾಗುತ್ತೆ ಅಂತ ಈಗಷ್ಟೇ ನೋಡಿದ್ವಲ್ಲ."

ಅಷ್ಟರಲ್ಲಿ ಮೇಲಿನಿಂದ ದೊಡ್ಡ ಮಗಳ ದನಿ ಕೇಳಿತು.

"ರೀ, ಬೇಗ ಬನ್ನಿ! ಅಪ್ಪಾ, ನೀವೂ ಹೊರಡಿ! ಅಲ್ಲಿ ಏನಾದ್ರೂ ಕೈ ಕೊಟ್ರೆ ನಾನು ಯಾರನ್ನ ಕರೀಲಿ? ನಿಮ್ಮ ಮೇಲೆ ನನ್ನ ಸಿಟ್ಟೇನೂ ಇಳಿದಿಲ್ಲ, ಬಂದ್ಮೇಲೆ ಜಗಳ ಆಡ್ತೀನಿ!"

ಮೂವರೂ ನಮ್ಮನ್ನು ದಾಟಿ ಇಳಿದುಹೋದರು. ಯಜಮಾನರು ಕೊನೆಯಲ್ಲಿದ್ದರು, ಅವಸರದಲ್ಲಿ ಚಪ್ಪಲಿ ಅದಲು ಬದಲಾಗಿತ್ತು. ಅವರ ಅಂಗಿಯ ಜೇಬಿನಲ್ಲಿ ತಗಡಿನ ಡಬ್ಬಿ ಗಲಗಲ ಎನ್ನುತ್ತಿತ್ತು.